ಮಸ್ಕಿಯಿಂದ ತಂದ ಹಗ್ಗ

ನನ್ನ ಚಿಗವ್ವನ ಬಲಗೈ ಬೆರಳುಗಳು ಮಡಚುವುದಿಲ್ಲ. ಒಂಬತ್ತು ವರ್ಷಗಳಿಂದ ಹಾಗೇ ಇವೆ. ಒಂದು ಮಧ್ಯಾಹ್ನ ಸಿಂಧನೂರಿನ ಕಾಲೇಜೊಂದರ ಮೈದಾನದಲ್ಲಿ ಅವಳನ್ನು ಹಗ್ಗದಿಂದ ಬಿಗಿದು ಕೂರಿಸಿದ್ದರು. ಅವಳ ಮೇಲೆ ಒಂದು ಕೊಡ ನೀರು ಸುರಿದವಳು ನಾನು. ಕೈ ಹೋದದ್ದು ಆ ನೀರಿನಿಂದ. ಇಷ್ಟು ನನಗೆ ಗೊತ್ತು. ಗೊತ್ತಿಲ್ಲದೆ ಉಳಿದದ್ದು ಒಂದೇ. ಸುರಿಯುವ ಮೊದಲು ಅವಳು ನನ್ನನ್ನು ತಡೆದಿದ್ದಳೇ? ತಡೆದದ್ದು ತಿಳಿದೂ ನಾನು ಸುರಿದೆನೇ?

ಎಂ.ಎ. ಓದುವಾಗಿನಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಆ ದಿನದ ಪುಟದಲ್ಲಿ ಈ ಸಂಗತಿಯ ಬಗ್ಗೆ ಇರುವುದು ಮೂರು ವಾಕ್ಯ: 'ಚಿಗವ್ವ ನಕ್ಕಳು. ನೀರು ಸುರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.' ನಾನು ಇತಿಹಾಸ ಪಾಠ ಮಾಡುವವಳು. ಒಂದೇ ದಾಖಲೆಯನ್ನು ನಂಬಬೇಡಿ, ಬರೆದವರಿಗೆ ಏನು ಬೇಕಾಗಿತ್ತು ಎಂದು ಮೊದಲು ಕೇಳಿ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಆದರೂ ಈ ಮೂರು ವಾಕ್ಯಗಳನ್ನು ಇಷ್ಟು ವರ್ಷ ಯಾರಿಗೂ ತೋರಿಸದೆ ನಂಬಿಕೊಂಡು ಬಂದೆ.

ಚಿಗವ್ವ ನನ್ನ ಅವ್ವನ ತಂಗಿ. ಸಂತೆಕಲ್ಲೂರಿನ ಒಕ್ಕಲು ಮನೆಯವಳು. ಅವಳಿಗೆ ಇಪ್ಪತ್ತರ ಆಸುಪಾಸು ಇದ್ದಾಗ ಆ ಊರಿಗೆ ಸೈಕಲ್ ಸರ್ಕಸ್ಸಿನವನೊಬ್ಬ ಬಂದಿದ್ದ. ಐದು ದಿನ ಸೈಕಲ್ಲಿನಿಂದ ಇಳಿಯದೆ ಬಯಲಲ್ಲಿ ಸುತ್ತುವವನು. ಸುತ್ತುತ್ತಲೇ ಉಣ್ಣುತ್ತಿದ್ದ, ಮೀಯುತ್ತಿದ್ದ, ಎದೆಯ ಮೇಲೆ ಟ್ಯೂಬ್‌ಲೈಟು ಒಡೆಸಿಕೊಳ್ಳುತ್ತಿದ್ದ. ಸುತ್ತುವ ಜಾಗದ ನಡುವೆ ಒಂದು ಗುಂಡುಕಲ್ಲು ಇಟ್ಟು, ಎತ್ತುವವರಿದ್ದರೆ ಬರಲಿ ಎಂದು ಊರ ಗಂಡಸರನ್ನು ಕೆಣಕುತ್ತಿದ್ದನಂತೆ. ಚಿಗವ್ವ ಹೋಗಿ ಎತ್ತಿದಳು. ಮೊಣಕಾಲಿನವರೆಗೆ ಮಾತ್ರ ಎತ್ತಿದ್ದು ಎಂದು ಅವ್ವ ಹೇಳುತ್ತಿದ್ದಳು. ಹೆಗಲಿಗೆ ಏರಿಸಿ ಹಿಂದಕ್ಕೆ ಎಸೆದಳು ಎಂದು ನನ್ನ ಸೋದರಮಾವ ಈಗಲೂ ಹೇಳುತ್ತಾನೆ. ಚಿಗವ್ವನನ್ನೇ ಕೇಳಿದರೆ ಮೂರನೆಯ ಕತೆ.

"ಎತ್ತಿದ್ದಿಲ್ಲವ್ವ, ಉಳ್ಳಿಸಿದ್ನಿ. ಎತ್ತಿದ್ದು ಮರುದಿನ, ಮಂದಿ ಇಲ್ಲದಾಗ. ಅವ ಒಬ್ಬನಽ ನೋಡಿದ."

ಆ ಒಬ್ಬನನ್ನೇ ಮದುವೆಯಾದಳು. ನಮ್ಮಜ್ಜ ಸಾಯುವವರೆಗೂ ಅವಳ ಜೊತೆ ಮಾತಾಡಲಿಲ್ಲ. ಮುಂದೆ ಇಪ್ಪತ್ತೈದು ವರ್ಷ ಗಂಡ ಹೆಂಡತಿ ಒಂದು ಟೆಂಪೋದಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸುತ್ತಲಿನ ಊರುಗಳಲ್ಲಿ ಆಟ ತೋರಿಸಿದರು. ಮೊದಮೊದಲು ಸೈಕಲ್ಲಿನದೇ ದೊಡ್ಡದು, ಅವಳದು ನಡುವಿನ ಆಟ. ಬರಬರುತ್ತ ಮಂದಿ ಸೇರುತ್ತಿದ್ದದ್ದು ಅವಳಿಗಾಗಿಯೇ. ಜಡೆಗೆ ಹಗ್ಗ ಕಟ್ಟಿ ಟೆಂಪೋ ಎಳೆಯುತ್ತಿದ್ದಳು. ಅಕ್ಕಿ ಚೀಲವನ್ನು ಹಲ್ಲಿನಿಂದ ಎತ್ತುತ್ತಿದ್ದಳು. ಆಟ ಮುಗಿದ ಮೇಲೆ ಹೆಂಗಸರು ಬಂದು ಅವಳ ತೋಳು ಮುಟ್ಟಿ ನೋಡುತ್ತಿದ್ದರು. ಗಂಡಸರು ದೂರದಿಂದಲೇ, ಎತ್ತು ಮಾರಿ ಈಕೆಯನ್ನು ಕಟ್ಟಿಕೊಂಡರೆ ಹೊಲದ ಗಳೇವು ಬೇಗ ಮುಗೀತದ ಎನ್ನುತ್ತಿದ್ದರು. ಮೇವು ನೀ ಹಾಕ್ತಿಯೇನು ಎಂದು ಅವಳು ತಿರುಗಿ ಕೇಳಿದರೆ ಹೇಳಿದವನ ಮುಖ ಸಣ್ಣದಾಗುತ್ತಿತ್ತು.

ಕಡೆಯ ಆಟ ಹಗ್ಗದ್ದು. ಅವಳ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಾಲು ಕಟ್ಟಿ, ಕಂಬಳಿ ಮುಚ್ಚುತ್ತಿದ್ದರು. ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವಳು ಕಂಬಳಿಯನ್ನು ಹೊದ್ದುಕೊಂಡೇ ಎದ್ದು ನಿಲ್ಲುತ್ತಿದ್ದಳು, ಹಗ್ಗ ಕೆಳಗೆ ಸುರುಳಿಯಾಗಿ ಬಿದ್ದಿರುತ್ತಿತ್ತು. ಆ ಹೊತ್ತಿನಲ್ಲಿ ಕಂಬಳಿ ಒಂದಿಷ್ಟೂ ಅಲುಗುತ್ತಿರಲಿಲ್ಲ. ಅದೇ ಅವಳ ಹೆಚ್ಚುಗಾರಿಕೆ.

ಈ ಆಟಕ್ಕೊಂದು ಪದ್ಧತಿ ಇತ್ತು. ಚಿಕ್ಕಪ್ಪ, ಅಂದರೆ ಅವಳ ಗಂಡ, ಒಂದು ದಿನ ಮುಂಚೆಯೇ ಆ ಊರಿಗೆ ಹೋಗಿ ಊರ ಸೇದುವ ಬಾವಿಯ ಹಗ್ಗವನ್ನು ಕೇಳಿ ತರುತ್ತಿದ್ದ. ಆಟದ ಹೊತ್ತಿಗೆ ಅದನ್ನು ಎತ್ತಿ ಹಿಡಿದು ಕೂಗುತ್ತಿದ್ದ: "ಹಗ್ಗ ನಮ್ದಲ್ಲ. ನೀರು ನಮ್ದಲ್ಲ. ಗಂಟು ನಮ್ದಲ್ಲ. ಎಲ್ಲಾ ನಿಮ್ಮೂರಿಂದು. ಕೈ ಎರಡಷ್ಟ ನಮ್ಮವು." ಊರಿನ ಯಾರಾದರೂ ಇಬ್ಬರು ಗಂಟು ಹಾಕುತ್ತಿದ್ದರು. ಆಮೇಲೆ ಊರಿನ ಮನೆಮಗಳೊಬ್ಬಳು ಅದೇ ಬಾವಿಯ ನೀರನ್ನು ಒಂದು ಕೊಡ ಅವಳ ಮೇಲೆ ಸುರಿಯಬೇಕು. ಮರುದಿನ ಹಗ್ಗಕ್ಕೆ ತೆಂಗಿನಕಾಯಿ ಕಟ್ಟಿ ವಾಪಸು ಕೊಡುತ್ತಿದ್ದರು. ತಮ್ಮ ಬಾವಿಯ ಹಗ್ಗ ಎಂದು ಊರವರಿಗೆ ಹೆಮ್ಮೆ.

ಎಂ.ಎ. ಓದುವಾಗ ನಾನು ಇದರ ಬಗ್ಗೆ ಎರಡು ಪುಟ ಟಿಪ್ಪಣಿ ಬರೆದಿದ್ದೆ. ಬಾವಿಯ ಹಗ್ಗ ಮತ್ತು ನೀರು ಊರಿಗೂ ಕಲಾವಿದೆಗೂ ಇರುವ ಸಂಬಂಧದ ಸಂಕೇತ, ಹೊರಗಿನವಳನ್ನು ಒಳಗೆ ಕರೆದುಕೊಳ್ಳುವ ಆಚರಣೆ ಎಂದೆಲ್ಲ. ಪ್ರೊಫೆಸರರು ಅದರ ಪಕ್ಕದಲ್ಲಿ 'ಚೆನ್ನಾಗಿದೆ' ಎಂದು ಗುರುತು ಹಾಕಿದ್ದರು. ಆ ಕಾಗದ ಇನ್ನೂ ನನ್ನ ಬಳಿ ಇದೆ. ಯಾಕೆ ಬಾವಿಯದೇ ಹಗ್ಗ, ಯಾಕೆ ನೀರು ಎಂದು ಚಿಗವ್ವನನ್ನು ಕೇಳಬಹುದಿತ್ತು. ಕೇಳಲಿಲ್ಲ. ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ಚಿಕ್ಕಪ್ಪ ಕಾಮಾಲೆಯಿಂದ ತೀರಿಕೊಂಡ. ಮುಂದೆ ಹೋಗಿ ಹಗ್ಗ ತರುವವರು ಇಲ್ಲದಾದರು. ಅಷ್ಟರಲ್ಲಿ ಕಾಲುವೆ ನೀರಿನ ಕಡೆ ಸೇದುವ ಬಾವಿಗಳೂ ಇಲ್ಲದಾಗಿದ್ದವು. ತುರ್ವಿಹಾಳದ ಬಾವಿಯಲ್ಲಿ ಕಸ ತುಂಬಿತ್ತು, ಮುಕ್ಕುಂದದ ಕಡೆ ಎಲ್ಲರ ಮನೆಗೂ ನಳ ಬಂದಿತ್ತು. ಚಿಗವ್ವ ಮಸ್ಕಿಯ ಈಚೆ ಕಡೆಯ ಒಣ ಬೇಸಾಯದ ಊರುಗಳಲ್ಲಿ ಮಾತ್ರ, ಹಬ್ಬಗಿಬ್ಬಕ್ಕೆ ಯಾರಾದರೂ ಕರೆದರೆ ಹೋಗಿ ಬರುತ್ತಿದ್ದಳು.

ನಾನು ಆಗ ಸಿಂಧನೂರಿನಲ್ಲಿ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಕೆಲಸ. ಮಹಿಳಾ ದಿನಕ್ಕೆ ಏನು ಮಾಡೋಣ ಎಂದು ಸಭೆಯಲ್ಲಿ ಮಾತು ಬಂದಾಗ ಚಿಗವ್ವನ ಆಟ ಇಡಿಸೋಣ ಎಂದೆ. ಸೈಕಲ್ ಸರ್ಕಸ್ಸಿನವರನ್ನು ಕಾಲೇಜಿಗೆ ಕರೆಯುವುದೇ ಎಂದು ಒಬ್ಬ ಮೇಡಂ ಮೂಗು ಮುರಿದರು. ನಿಮಗೆ ಹೇಗೆ ಪರಿಚಯ ಎಂದು ಪ್ರಿನ್ಸಿಪಾಲರು ಕೇಳಿದರು. 'ನಮ್ಮ ಕಡೆಯವರು' ಎಂದೆ. ಅದು ಸುಳ್ಳಲ್ಲ. ನನ್ನ ಚಿಗವ್ವ ಎಂದು ಮಾತ್ರ ಹೇಳಲಿಲ್ಲ. ಸಭೆ ಮುಗಿಯುವಾಗ ಹೇಳಿದರಾಯಿತು ಎಂದುಕೊಂಡಿದ್ದೆ. ಸಭೆ ಮುಗಿದಾಗ, ಕಾರ್ಯಕ್ರಮ ಚೆನ್ನಾಗಿ ಆದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಫೋನ್ ಮಾಡಿದಾಗ ಅವಳು ಕೇಳಿದ ಮೊದಲ ಮಾತು, ಕಾಲೇಜಿನಲ್ಲಿ ಬಾವಿ ಇದೆಯೇ ಎಂದು. ಇಲ್ಲ, ಆದರೆ ಹಗ್ಗದ ಚಿಂತೆ ಬಿಡು, ಒಳ್ಳೇ ಹಗ್ಗ ನಾನೇ ತರುತ್ತೇನೆ ಎಂದೆ. ಅದಕ್ಕೆ ಅವಳು "ಒಳ್ಳೇದು ಬ್ಯಾಡ, ಹಳೇದು ನೋಡು" ಅಂದ ಹಾಗೆ ಒಂದು ನೆನಪಿದೆ. ದಿನಚರಿಯಲ್ಲಿ ಇಲ್ಲ. ಈ ಮಾತನ್ನು ಅವಳು ನಿಜವಾಗಿ ಅಂದಳೋ, ಎಲ್ಲ ಆದ ಮೇಲೆ ನನ್ನನ್ನು ನಾನೇ ಹಳಿದುಕೊಳ್ಳಲು ಕಟ್ಟಿಕೊಂಡೆನೋ, ಹೇಳಲಾರೆ.

ಸಿಂಧನೂರಿನ ಅಂಗಡಿಗಳಲ್ಲಿ ಇದ್ದದ್ದೆಲ್ಲ ನೈಲಾನ್ ಹಗ್ಗ, ನೆಲ್ಲಿನ ಲಾರಿಗೆ ಬಿಗಿಯುವಂಥದ್ದು. ಅದು ಚರ್ಮ ಕೊಯ್ಯುತ್ತದೆ. ಚಿಗವ್ವನಿಗೆ ನೋವಾಗಬಾರದೆಂದು ಒಂದು ದಿನ ರಜೆ ಹಾಕಿ ಮಸ್ಕಿಗೆ ಹೋದೆ. ಅಲ್ಲಿ ಎತ್ತು ಕಟ್ಟುವವರು ಇನ್ನೂ ಇದ್ದಾರೆ, ನಾರಿನ ಹಗ್ಗ ಸಿಗುತ್ತದೆ. ಬಜಾರಿನಲ್ಲಿ ಬಿಳಿ ಗಡ್ಡದ ಸಾಹೇಬರೊಬ್ಬರ ಅಂಗಡಿ. ಒಳಗಿದ್ದ ಮಗನ ಜೊತೆ ದಖನಿ ಉರ್ದುವಿನಲ್ಲಿ ಗದರುತ್ತ, ನನ್ನ ಜೊತೆ ಕನ್ನಡದಲ್ಲಿ ನಗುತ್ತ, ಎತ್ತಿಗೋ ಬಾವಿಗೋ ಎಂದು ಕೇಳಿದರು. ಕಾರ್ಯಕ್ರಮಕ್ಕೆ ಎಂದೆ.

"ಕಾರ್ಯಕ್ರಮಕ್ಕ ಹಗ್ಗ? ಯಾರನ್ನ ಕಟ್ಟಾಕತ್ತೀರಿ ಮೇಡಂ?"

ನಾನೂ ನಕ್ಕೆ. ಪುಂಡಿ ಗಿಡದ ನಾರಿನ, ಆಗಷ್ಟೇ ಹೊಸೆದ ಹಗ್ಗ. ಇದ್ದುದರಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿದೆ. ಬಸ್ಸಿನಲ್ಲಿ ಸಿಂಧನೂರಿನ ತನಕ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಹಸಿ ನಾರಿನ ವಾಸನೆ ಸೀರೆಗೆ ಹತ್ತಿತ್ತು. ಅವತ್ತು ನಾನು ಬಹಳ ಸಂತೋಷವಾಗಿದ್ದೆ. ಇದು ದಿನಚರಿಯಲ್ಲಿದೆ.

ಕಾರ್ಯಕ್ರಮದ ದಿನ ಚಿಗವ್ವ ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ಬಂದು ಗೇಟಿನಲ್ಲಿ ಇಳಿದಳು. ಇಳಕಲ್ ಸೀರೆ ಕಚ್ಚೆ ಹಾಕಿ ಉಟ್ಟಿದ್ದಳು, ಹೆಗಲಲ್ಲಿ ಕಂಬಳಿ. ನನ್ನ ಸುತ್ತ ಸಹೋದ್ಯೋಗಿಗಳಿದ್ದರು. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, "ನಮಸ್ಕಾರ್ರೀ ಮೇಡಂ" ಎಂದಳು. ಹಾಗೆ ಕರೆ ಎಂದು ನಾನು ಫೋನಿನಲ್ಲಿ ಹೇಳಿದ್ದೆನೇ? ಹೇಳಿರಲಿಲ್ಲ ಎಂದೇ ನನ್ನ ನೆನಪು. ಹೇಳದಿದ್ದರೂ ಅವಳಿಗೆ ತಿಳಿದಿತ್ತು ಎಂಬುದು ಹೇಳಿದ್ದಕ್ಕಿಂತ ಹೆಚ್ಚು ನಾಚಿಕೆಯ ಸಂಗತಿ. ನಾನು ಕೈ ಮುಗಿದು, ಬನ್ನಿ ಎಂದೆ. ಬನ್ನಿ ಎಂದು ಬಹುವಚನದಲ್ಲಿ.

ಹಗ್ಗವನ್ನು ಕೈಗೆ ಕೊಟ್ಟಾಗ ಅದರ ಉದ್ದಕ್ಕೂ ಹೆಬ್ಬೆರಳು ಆಡಿಸಿದಳು. ಹಳೆಯದು ಯಾವುದಾದರೂ ಸಿಗುವುದಿಲ್ಲವೇ ಎಂದು ಅಟೆಂಡರನನ್ನು ಮೆಲ್ಲಗೆ ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ನಾನು, ಇದನ್ನು ನಾನೇ ಮಸ್ಕಿಗೆ ಹೋಗಿ ತಂದದ್ದು ಎಂದೆ. ಪ್ರಿನ್ಸಿಪಾಲರು ಅದನ್ನು ಕೇಳಿ ಮೈಕಿನಲ್ಲಿ, ನಮ್ಮ ಮೇಡಂ ಹಗ್ಗಕ್ಕಾಗಿ ಮಸ್ಕಿಗೆ ಹೋಗಿದ್ದರು ಎಂದು ಸಾರಿದರು. ಚಪ್ಪಾಳೆ ಬಿತ್ತು. ಚಿಗವ್ವ ಹಗ್ಗವನ್ನು ಸುತ್ತಿ ಕೆಳಗಿಟ್ಟಳು.

ಮೊದಲ ಆಟಗಳು ಚೆನ್ನಾಗಿಯೇ ಆದವು. ಎರಡು ಮೋಟಾರ್ ಸೈಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲಿಸಿದಳು. ಚೀಲ ಎತ್ತಿದಳು. ಹುಡುಗರು ಸಿಳ್ಳೆ ಹಾಕಿದರು, ಮೂಗು ಮುರಿದಿದ್ದ ಮೇಡಂ ಎದ್ದು ನಿಂತು ನೋಡಿದರು. ಆಮೇಲೆ ಹಗ್ಗ. ದೈಹಿಕ ಶಿಕ್ಷಣದ ಮೇಷ್ಟ್ರು ವಾಲಿಬಾಲ್ ಬಲೆ ಬಿಗಿಯುವ ಹಾಗೆ ಅಚ್ಚುಕಟ್ಟಾಗಿ ಗಂಟು ಹಾಕಿದರು. ಮನೆಮಗಳು ಯಾರು ಬರುತ್ತೀರಿ ಎಂದು ಚಿಗವ್ವ ವಾಡಿಕೆಯಂತೆ ಕೇಳಿದಳು. ಹುಡುಗಿಯರು ಒಬ್ಬರನ್ನೊಬ್ಬರು ತಳ್ಳುತ್ತ ನಕ್ಕರೇ ಹೊರತು ಯಾರೂ ಬರಲಿಲ್ಲ. ನಾನು ಹೋದೆ. ಕುಡಿಯುವ ನೀರಿನ ಕೋಣೆಯ ಪ್ಲಾಸ್ಟಿಕ್ ಕೊಡ, ತುಂಬಿದ್ದು.

ಇಲ್ಲಿಗೆ ಬಂದಾಗ ನನ್ನ ನೆನಪು ಮಬ್ಬಾಗುತ್ತದೆ. ಅವಳು ಮುಖ ಮೇಲೆತ್ತಿದ್ದಳು. ಅವಳ ತುಟಿಗಳು ಅಲುಗಿದ್ದವು. ದಿನಚರಿ ಅದನ್ನು ನಗು ಎನ್ನುತ್ತದೆ.

ನೀರು ಸುರಿದು ಕಂಬಳಿ ಮುಚ್ಚಿದೆವು. ಧ್ವನಿವರ್ಧಕದಲ್ಲಿ ಹಾಡು ಹಾಕಿದರು. ಹಾಡು ಮುಗಿದು ಇನ್ನೊಂದು ಹಾಕಿದರು, ಮತ್ತೊಂದು ಹಾಕಿದರು. ಹಿಂದಿನ ಸಾಲಿನ ಹುಡುಗರು ಎದ್ದು ಹೋಗತೊಡಗಿದರು. ಪ್ರಿನ್ಸಿಪಾಲರು ಅತಿಥಿಗಳನ್ನು ಚಹಾಕ್ಕೆ ಕರೆದುಕೊಂಡು ಹೋದರು. ಉಸಿರು ಅದನೋ ಇಲ್ಲೋ ನೋಡ್ರಿ ಮೇಡಂ ಎಂದು ಯಾರೋ ನಕ್ಕರು. ನಾನು ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ಹಗ್ಗ ಕೊಯ್ಯಿಸಲೇ ಎಂದು ಕೇಳಿದೆ. ಕಂಬಳಿಯೊಳಗಿಂದ ಒಂದೇ ಮಾತು ಬಂತು.

"ದೂರ ಸರಿ."

ಸೈಕಲ್ ಸರ್ಕಸ್ಸಿನವರಲ್ಲಿ ಹಗ್ಗ ಕೊಯ್ಯಿಸಿಕೊಂಡವರು ಮತ್ತೆ ಆ ಸೀಮೆಯಲ್ಲಿ ಹಗ್ಗದ ಆಟ ಆಡುವಂತಿಲ್ಲ. ಯಾರೂ ತಡೆಯುವುದಿಲ್ಲ, ಅವರೇ ಆಡುವುದಿಲ್ಲ. ಇದು ನನಗೆ ಗೊತ್ತಿತ್ತು. ಹಾಗಾಗಿ ದೂರ ಸರಿದೆ. ಅಥವಾ ದೂರ ಸರಿಯಲು ಅದು ಒಳ್ಳೆಯ ನೆಪವಾಗಿತ್ತು.

ಅವಳು ಎದ್ದಾಗ ಮೈದಾನದಲ್ಲಿ ಅರ್ಧ ಮಂದಿಯೂ ಇರಲಿಲ್ಲ. ಇದ್ದವರಿಗೆ ಕೈ ಮುಗಿದಳು. ಬಲಗೈಯ ಬೆರಳುಗಳು ಎಡಗೈಯ ಬೆರಳುಗಳಿಗೆ ತಾಗಲಿಲ್ಲ, ಜೋತುಬಿದ್ದಿದ್ದವು. ಕೆಳಗೆ ಬಿದ್ದ ಹಗ್ಗ ಅಲ್ಲಲ್ಲಿ ಕೆಂಪಾಗಿತ್ತು. ಸಂಜೆಯ ಹೊತ್ತಿಗೆ ಮಣಿಕಟ್ಟು ಕಪ್ಪಗೆ ಬಾತಿತು. ನರ ಒತ್ತಿದೆ, ಸ್ವಲ್ಪ ಸ್ವಲ್ಪವಾಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಎಡಗೈ ತಿಂಗಳಲ್ಲಿ ಸರಿಹೋಯಿತು. ಬಲಗೈ ಬರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವರು ಈಕೆ ನಿಮಗೇನಾಗಬೇಕು ಎಂದು ಕೇಳಿದಾಗ ಚಿಗವ್ವನೇ ಉತ್ತರಿಸಿದಳು: ಕಾಲೇಜಿನ ಮೇಡಂ ಅವರು, ಪಾಪ, ಜೊತೆಗೆ ಬಂದಾರೆ.

ಆಮೇಲಿನದನ್ನು ಚಿಕ್ಕದಾಗಿ ಬರೆಯುತ್ತೇನೆ, ಉದ್ದವಾಗಿ ಬರೆಯಲು ನಾನು ಅಲ್ಲಿ ಇರಲಿಲ್ಲ. ಅವಳು ಮತ್ತೆ ಆಟಕ್ಕೆ ಹೋಗಲಿಲ್ಲ. ಒಂದು ಹಂಗಾಮಿಗೆ ಸಿಂಧನೂರಿನ ಕಡೆ ನೆಲ್ಲು ನಾಟಿಗೆ ಹೋದಳು. ಸಸಿ ಬೆರಳಲ್ಲಿ ನಿಲ್ಲದೆ ತೇಲಿಹೋಗುತ್ತಿತ್ತು, ಗುಂಪಿನ ಮೇಸ್ತ್ರಿ ಮೂರನೆಯ ದಿನ ವಾಪಸು ಕಳಿಸಿದ. ಟೆಂಪೋ ಎಳೆದ ಜಡೆಯನ್ನು ಒಂದೇ ಕೈಯಲ್ಲಿ ಹೆಣೆಯಲಾಗದೆ ಕತ್ತರಿಸಿಕೊಂಡಳು. ಕಡೆಗೆ ಸಂತೆಕಲ್ಲೂರಿನ ತಮ್ಮನ ಮನೆ ಸೇರಿ ಅವನ ಆಡು ನೋಡಿಕೊಂಡಿದ್ದಾಳೆ. ಕೇಳಿದವರಿಗೆ ಲಕ್ವಾ ಹೊಡೆಯಿತು ಎನ್ನುತ್ತಾಳೆ. ಅವ್ವ ಸಾಯುವವರೆಗೂ ಲಕ್ವಾ ಎಂದೇ ತಿಳಿದಿದ್ದಳು. ನಾನೂ ಎರಡು ಮೂರು ಕಡೆ ಲಕ್ವಾ ಎಂದು ಹೇಳಿದ್ದೇನೆ. ಹೇಳುವಾಗ ನಾಲಿಗೆ ತಡೆಯಲಿಲ್ಲ.

ಕಾರಣ ತಿಳಿದದ್ದು ಮರುವರ್ಷ. ಮಸ್ಕಿಯಲ್ಲಿ ಬಸ್ಸು ಕಾಯುತ್ತಿದ್ದಾಗ ಆ ಹಗ್ಗದ ಸಾಹೇಬರು ಗುರುತು ಹಿಡಿದು, ಕಾರ್ಯಕ್ರಮ ಹೇಗಾಯಿತು ಎಂದು ಕೇಳಿದರು. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ.

"ಹೊಸಾ ಪುಂಡಿ ಹಗ್ಗಕ್ಕ ನೀರು ಬಿತ್ತಂದ್ರ ಹಲ್ಲು ಬರ್ತಾವ್ರೀ ಅಮ್ಮಾ," ಎಂದರು. "ನಾ ಹೇಳ್ತಿದ್ನಿ. ನೀವು ಮನಷ್ಯಾರನ್ನ ಕಟ್ತೀರಿ ಅಂತ ನನಗ ಹೆಂಗ ತಿಳೀಬೇಕು?"

ಹೊಸ ನಾರು ನೀರು ಕುಡಿದು ಉಬ್ಬುತ್ತದೆ, ಹಗ್ಗ ಗಿಡ್ಡವಾಗುತ್ತದೆ, ಗಂಟು ಬಿಗಿಯುತ್ತದೆ. ಎತ್ತಿಗೆ ಹಾಕುವುದಾದರೂ ವಾರಗಟ್ಟಲೆ ನೆನೆಸಿ ಎಳೆದು ಆಮೇಲೆ ಹಾಕಬೇಕು. ಬಾವಿಯ ಹಗ್ಗ ಕುಡಿಯಬೇಕಾದ ನೀರನ್ನೆಲ್ಲ ಮೊದಲೇ ಕುಡಿದಿರುತ್ತದೆ, ರಾಟೆಯಲ್ಲಿ ತಿಕ್ಕಿ ನುಣ್ಣಗಾಗಿರುತ್ತದೆ. ಅದರ ಮೇಲೆ ನೀರು ಬಿದ್ದರೆ ಜಾರುತ್ತದೆ. ಇಪ್ಪತ್ತೈದು ವರ್ಷ ಚಿಗವ್ವ ಹೊರಬಂದದ್ದು ಹಾಗೆ. ನಾನು ಸಂಕೇತ ಎಂದು ಬರೆದದ್ದು ಅವಳ ಕಸುಬಿನ ಗುಟ್ಟಾಗಿತ್ತು. ಆ ಗುಟ್ಟನ್ನು ಅವಳು ಮೈಕಿನ ಮುಂದೆ ಹೇಳಿ ಹಗ್ಗ ಬದಲಿಸುವಂತಿರಲಿಲ್ಲ. ಆದರೆ ನೀರನ್ನು ತಡೆಯಬಹುದಿತ್ತು. ತಡೆದಳೇ ಎಂಬ ಪ್ರಶ್ನೆ ಹುಟ್ಟಿದ್ದು ಅವತ್ತು, ಆ ಅಂಗಡಿಯ ಮುಂದೆ. ಕೇಳಲು ಎಂಟು ವರ್ಷ ಬೇಕಾಯಿತು.

ಈಗ ನಾನು ಲಿಂಗಸುಗೂರಿನಲ್ಲಿದ್ದೇನೆ. ಹೋದ ತಿಂಗಳು, ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಹಳೇ ಫೋನಿನ ಮೆಮೊರಿ ಕಾರ್ಡಿನಲ್ಲಿ ಸಿಕ್ಕಿತಂತೆ. ಮೊದಲ ಚಿತ್ರದಲ್ಲೇ ಪ್ಲಾಸ್ಟಿಕ್ ಕೊಡ ಹಿಡಿದ ನನ್ನ ಬೆನ್ನು ಕಾಣುತ್ತಿತ್ತು. ನಾಲ್ಕು ದಿನ ಅದನ್ನು ತೆರೆಯಲಿಲ್ಲ. ಐದನೆಯ ದಿನ ಸಂತೆಕಲ್ಲೂರಿಗೆ ಹೋದೆ. ಒಬ್ಬಳೇ ನೋಡಿದರೆ ನೋಡಿದ್ದನ್ನು ತಿದ್ದಿಕೊಳ್ಳುತ್ತೇನೆ ಎಂದು ನನ್ನ ಮೇಲೆ ನನಗೇ ಅನುಮಾನವಿತ್ತು.

ಮಾವ, ಅತ್ತೆ ಹೊಲಕ್ಕೆ ಹೋಗಿದ್ದರು. ಚಿಗವ್ವ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಎಡಗೈಯಲ್ಲಿ ತೊಗರಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಫೋನ್ ಹಿಡಿದೆ. ತನ್ನ ಆಟವನ್ನು ಅವಳು ಹೊರಗಿನಿಂದ ನೋಡಿದ್ದೇ ಇಲ್ಲ.

"ಅಯ್ಯ, ಇಷ್ಟು ದಪ್ಪ ಇದ್ನೇನು," ಎಂದಳು. "ಕುತ್ತಿಗಿ ನೋಡು, ಹೋರಿದಂಗ."

ಚಿತ್ರ ಅಲುಗಾಡುತ್ತಿತ್ತು, ಸಿಳ್ಳೆಯ ಸದ್ದಿನಲ್ಲಿ ಮಾತೊಂದೂ ತಿಳಿಯುತ್ತಿರಲಿಲ್ಲ. ನಾನು ಕೊಡವನ್ನು ಹೆಗಲ ಮಟ್ಟಕ್ಕೆ ಎತ್ತುತ್ತೇನೆ. ಬಗ್ಗಿಸುತ್ತೇನೆ. ನೀರು ಅಂಚಿಗೆ ಬರುತ್ತದೆ. ಅಲ್ಲಿಗೆ ಕೊಡ ನಿಲ್ಲುತ್ತದೆ. ಚಿಗವ್ವನ ತುಟಿಗಳು ಅಲುಗುತ್ತವೆ. ಅದು ನಗುವಲ್ಲ. ನನ್ನ ತಲೆ ಬಲಕ್ಕೆ, ಸಹೋದ್ಯೋಗಿಗಳು ಕೂತ ಕುರ್ಚಿಗಳ ಕಡೆಗೆ, ತಿರುಗುತ್ತದೆ. ಪಕ್ಕದಲ್ಲೇ ಮೈಕಿನ ಕಂಬ. ತಲೆ ಮತ್ತೆ ಅವಳ ಕಡೆಗೆ ಬರುತ್ತದೆ. ಕೊಡ ಬೋರಲಾಗುತ್ತದೆ. ಅವಳು ಕಣ್ಣು ಮುಚ್ಚಿಕೊಳ್ಳುತ್ತಾಳೆ.

ಎರಡನೆಯ ಸಲ ಹಾಕಿದೆ. ಕೊಡ ನಿಂತಲ್ಲಿ ಚಿತ್ರವನ್ನು ತಡೆದು, ಇಲ್ಲಿ ಏನಂದೆ ಎಂದು ಕೇಳಿದೆ.

"ಬ್ಯಾಡ ಮಗಳಾ ಅಂದ್ನಿ."

"ನನಗ ಕೇಳಿಸಿತ್ತೇನು ಚಿಗವ್ವ?"

ಅವಳು ತೊಗರಿಯಿಂದ ಒಂದು ಹರಳು ತೆಗೆದು ಅಂಗಳಕ್ಕೆ ಎಸೆದಳು. "ನನ್ನ ಕೇಳ್ತಿಯಲ್ಲ. ಕಿವಿ ನಿನ್ನವು."

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಮಳೆ ಬೆಳೆಯ ಮಾತಾಡುವ ದನಿಯಲ್ಲೇ ಮುಂದುವರಿಸಿದಳು.

"ಮಗಳಾ ಅಂದಿದ್ದು ನಂದಽ ತಪ್ಪು. ಮೇಡಂ ಅಂದಿದ್ರ ನಿಲ್ಲಿಸ್ತಿದ್ದಿ ಏನೋ."

ಕೇಳಿಸಿತ್ತು. ಆ ಮಾತು ಬಿದ್ದ ಕೂಡಲೇ ಎಲ್ಲ ನೆನಪಾಯಿತು ಎಂದು ಬರೆಯಲು ಮನಸ್ಸಾಗುತ್ತಿದೆ, ಆದರೆ ಹಾಗಾಗಲಿಲ್ಲ. ನೆನಪಾದದ್ದು ಮೈಕು ಮಾತ್ರ. 'ಮಗಳಾ' ಎಂಬುದು ಮೈಕಿಗೆ ಬಿತ್ತೇ, ಇನ್ನೊಂದು ಸಲ ಅಂದರೆ ಬೀಳುತ್ತದೆಯೇ ಎಂಬ ಭಯ. ಅವಳು ಮತ್ತೆ ಬಾಯಿ ತೆರೆಯದಿರಲಿ ಎಂದು ಸುರಿದೆ. ಇದೂ ನಾನು ಈಗ ಕಟ್ಟಿಕೊಂಡದ್ದಿರಬಹುದೇ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಆದರೆ ನಿಂತ ಕೊಡವನ್ನು ನಾನು ಕಟ್ಟಿಲ್ಲ. ಅದು ಚಿತ್ರದಲ್ಲಿತ್ತು.

ಕ್ಷಮಿಸು ಎಂಬ ಮಾತು ಬಾಯಿಗೆ ಬರುವಷ್ಟರಲ್ಲಿ ಅವಳು ಫೋನನ್ನು ಎಡಗೈಗೆ ತೆಗೆದುಕೊಂಡು, ಮುಂದಿನದನ್ನು ತೋರಿಸು ಎಂದಳು. ಕಂಬಳಿ ಮುಚ್ಚಿದ ಮೇಲೆಯೂ ಚಿತ್ರ ಸ್ವಲ್ಪ ಹೊತ್ತು ಓಡುತ್ತದೆ. ಅದನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ, ನನ್ನ ಬೆನ್ನನ್ನೇ ನೋಡುತ್ತಿದ್ದೆ. ಕಂಬಳಿ ಅಲುಗುತ್ತಿತ್ತು. ಏಳುತ್ತಿತ್ತು, ಬೀಳುತ್ತಿತ್ತು, ಒಂದು ಕಡೆಗೆ ವಾಲಿ ನೆಲಕ್ಕೆ ಬಡಿದುಕೊಳ್ಳುತ್ತಿತ್ತು, ಚೀಲದಲ್ಲಿ ಹಾಕಿದ ಜೀವದ ಹಾಗೆ. ಹಿಂದೆ ಯಾರೋ ನಗುತ್ತಿದ್ದರು. ಚಿಗವ್ವ ಅದನ್ನು ಕೊನೆಯವರೆಗೂ ನೋಡಿದಳು. ಅಷ್ಟು ಹೊತ್ತು ಇರದಿದ್ದ ನೋವು ಅವಳ ಮುಖದಲ್ಲಿ ಆಗ ಕಂಡಿತು.

"ನನ್ನ ಕಂಬಳಿ ಒಂದು ದಿನಾನೂ ಅಲುಗಾಡಿದ್ದಿಲ್ಲ," ಎಂದಳು. "ಇದನ್ನ ಅಳಿಸು. ಕಳಿಸಿದವ್ನಿಗೂ ಅಳಿಸು ಅನ್ನು."

ಅವಳ ಆಟದ ಚಿತ್ರ ಇದೊಂದೇ. ಟೆಂಪೋ ಎಳೆದದ್ದು, ಚೀಲ ಎತ್ತಿದ್ದು, ಯಾವುದರದ್ದೂ ಒಂದು ಫೋಟೋ ಇಲ್ಲ. ಹಾಗೆಂದು ಹೇಳಿದೆ. ಇರದಿದ್ದರೆ ಇರಲಿ ಎಂದಳು. ಅವಳ ಕಣ್ಣೆದುರೇ ಅಳಿಸಿದೆ. ಬೆರಳು ಒತ್ತುವಾಗ ನನಗೆ ಸಮಾಧಾನವೂ ಆಯಿತು. ಅದನ್ನೂ ಬರೆದಿಡಬೇಕು. ಅವಳ ಮಾತಿಗೆ ಅಳಿಸಿದೆನೋ, ನಿಂತ ಕೊಡವನ್ನು ಇನ್ನು ಯಾರೂ ನೋಡುವುದಿಲ್ಲ ಎಂದು ಅಳಿಸಿದೆನೋ, ಎರಡನ್ನೂ ಬೇರೆ ಮಾಡಲಾರೆ.

ವಾಪಸು ಬರುವಾಗ ಬಸ್ಸಿನಿಂದಲೇ ಆ ವಿದ್ಯಾರ್ಥಿಗೆ ಬರೆದೆ, ದಯವಿಟ್ಟು ನಿನ್ನ ಹತ್ತಿರ ಇರುವುದನ್ನೂ ತೆಗೆದುಬಿಡು ಎಂದು. ಆಯ್ತು ಮೇಡಂ ಎಂದು ಕೂಡಲೇ ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು: ಅವರು ಯಾರು ಮೇಡಂ, ಈಗ ಎಲ್ಲಿದ್ದಾರೆ, ನಿಮಗೆ ಗೊತ್ತಿರುವವರೇ? ಲಿಂಗಸುಗೂರು ಬರುವ ತನಕ ಫೋನ್ ಕೈಯಲ್ಲೇ ಇತ್ತು. 'ನನ್ನ ಚಿಗವ್ವ' ಎಂದು ಬರೆದೆ. ಅವನು ನೋಡಿದ ಗುರುತು ಬಂತು.

ಮನೆಗೆ ಬಂದು ಒಂಬತ್ತು ವರ್ಷದ ಹಿಂದಿನ ದಿನಚರಿ ತೆಗೆದೆ. 'ಚಿಗವ್ವ ನಕ್ಕಳು' ಎಂಬುದನ್ನು ಹೊಡೆದುಹಾಕಲಿಲ್ಲ. ಹೊಡೆದುಹಾಕಿದರೆ ನಾನು ಹಾಗೆ ಬರೆದಿದ್ದೆ ಎಂಬುದೂ ಹೋಗುತ್ತದೆ. ಅದರ ಕೆಳಗೆ ಇವತ್ತಿನ ತಾರೀಖು ಹಾಕಿ ಬರೆದೆ: 'ಬ್ಯಾಡ ಮಗಳಾ ಅಂದಳು. ಕೊಡ ನಿಂತಿತ್ತು. ಕುರ್ಚಿಗಳ ಕಡೆ ನೋಡಿ ಸುರಿದೆ.' ವಿಡಿಯೋ ಇಲ್ಲದ ಮೇಲೆ ಇದಕ್ಕೂ ನನ್ನ ಅಕ್ಷರವೇ ಸಾಕ್ಷಿ. ಕಂಬಳಿ ಅಲುಗಿದ್ದನ್ನು ಅಲ್ಲಿ ಬರೆಯಲಿಲ್ಲ. ಬರೆಯಬಾರದು ಎಂದುಕೊಂಡೇ ಈ ಬರಹಕ್ಕೆ ಕೂತೆ, ಆದರೆ ಇಲ್ಲಿ ಬರೆದುಬಿಟ್ಟಿದ್ದೇನೆ. ಈ ಸಲವೂ ಅವಳು ಬೇಡ ಎಂದದ್ದು ನನಗೆ ಚೆನ್ನಾಗಿ ಕೇಳಿಸಿತ್ತು.